ಹಿಂದಕ್ಕೆ ನಡೆದ ಕ್ಲಾರಿನೆಟ್

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮದುವೆ ಊದಿದಿ ಎಂದು ಯಾರಾದರೂ ಕೇಳಿದರೆ ಆಳಂದದ ಚಂದ್ರಾಮನ ಹತ್ತಿರ ಲೆಕ್ಕವಿರಲಿಲ್ಲ. ಊದದೆ ಬಿಟ್ಟದ್ದು ಮಾತ್ರ ನೆನಪಿತ್ತು. ಅದು ಒಂದೇ ಮದುವೆ, ಮಗಳದು.

ಉಸ್ಮಾನಸಾಬರ ಬ್ಯಾಂಡಿನಲ್ಲಿ ಅವನದು ಕ್ಲಾರಿನೆಟ್. ಹೆಣ್ಣು ಒಪ್ಪಿಸಿ ಕಳಿಸುವಾಗ ಊದುವ ಧಾಟಿಯೊಂದಿತ್ತು. ಅದನ್ನು ಊದುವಾಗ ಮದುಮಗಳಿಗೆ ಬೆನ್ನು ಕೊಡಬಾರದು ಎಂಬುದು ಆ ಬ್ಯಾಂಡಿನ ಹಳೆಯ ಕಟ್ಟಳೆ. ಹೊಸ್ತಿಲಿನಿಂದ ಊರ ಹೆಬ್ಬಾಗಿಲು ಅಗಸಿಯವರೆಗೂ ಅವಳ ಕಡೆ ಮುಖಮಾಡಿ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಊದಬೇಕು. ಹಿಂದಿರುವ ಕಲ್ಲು, ಮೋರಿ, ಮಲಗಿದ ನಾಯಿ ಒಂದೂ ಕಾಣುವುದಿಲ್ಲ. ಅದಕ್ಕೇ ಮಗಳು ಶಿವಕಾಂತಾ ಆರು ವರ್ಷದವಳಿದ್ದಾಗಿನಿಂದ ಅಪ್ಪನ ಅಂಗಿಯ ಚುಂಗು ಹಿಡಿದು ಬೆನ್ನ ಹಿಂದೆ ನಡೆಯುತ್ತಿದ್ದಳು. ಎಡಕ್ಕೆ ಸರಿಯಬೇಕಿದ್ದರೆ ಎಡಕ್ಕೆ ಜಗ್ಗುವಳು. ‘ಕಲ್ಲದ ನೋಡು ಅಪ್ಪಾ’ ಅನ್ನುವಳು. ಒಮ್ಮೆ ನರೋಣಾದಲ್ಲಿ ಬಳೆಗಾರನ ಗಂಟು ನೋಡುತ್ತ ಮೈಮರೆತು, ಅಪ್ಪನನ್ನು ಸೀದಾ ಹಗ್ಗದ ಹೊರಸಿನ ಮೇಲೆ ಕೆಡವಿದ್ದಳು. ಬಿಕ್ಕುತ್ತಿದ್ದ ಮದುಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

ಮಗಳು ದೊಡ್ಡವಳಾದಳು. ನೆಲೋಗಿಯ ಭೀಮಶಾನ ಸಂಗಡ ಮದುವೆ ಗೊತ್ತಾಯಿತು. ಆದರೆ ಅವನ ಅಜ್ಜ ಹಾಸಿಗೆ ಹಿಡಿದದ್ದರಿಂದ, ಮುದುಕನ ಕಣ್ಣೆದುರೇ ಆಗಲಿ ಎಂದು ಬೀಗರು ಮದುವೆಯನ್ನು ಮುಂಚಿತವಾಗಿ ಇಟ್ಟುಕೊಂಡರು. ಅದೇ ದಿನ ಬ್ಯಾಂಡು ಅಫಜಲಪುರದ ಮದುವೆಗೆ ಮಾತು ಕೊಟ್ಟಿತ್ತು. ಕ್ಲಾರಿನೆಟ್ ಇದ್ದದ್ದು ಒಂದೇ. ನೀ ಬರಬೇಡ ಎಂದು ಉಸ್ಮಾನಸಾಬರು ಎರಡು ಸಲ ಹೇಳಿದರು. ಚಂದ್ರಾಮ ಕೇಳಲಿಲ್ಲ.

‘ಆಕಿನೂ ಯಾರದೋ ಮಗಳೇ ಅಲ್ಲೇನ್ರಿ ಉಸ್ತಾದ. ಬರೇ ಡೋಲ ಬಡದು ಕಳಸೂದೇನ್ರಿ?’

ಮುಂಜಾನೆ ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಿ ಬಸ್ಸಿಗೆ ಓಡಿದ. ಅಫಜಲಪುರದಲ್ಲಿ ಚೆನ್ನಾಗಿಯೇ ಊದಿದ. ಅದೇ ಆಮೇಲೆ ಅವನನ್ನು ಚುಚ್ಚಿದ್ದು. ಸಂಜೆ ತಿರುಗಿ ಬಂದಾಗ ಚಪ್ಪರದಲ್ಲಿ ಹೆಂಡತಿ ಗಂಗಾಬಾಯಿ ಒಬ್ಬಳೇ ಎಲೆ ಎತ್ತುತ್ತಿದ್ದಳು. ಹುಡುಗಿ ಅಗಸಿಯಲ್ಲಿ ಜೀಪು ಹತ್ತದೆ ಬಹಳ ಹೊತ್ತು ನಿಂತಿತ್ತು ಎಂದಳು. ಆ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ.

ಮೂರು ವರ್ಷ ಕಳೆದು, ಎಂಬತ್ತೆಂಟರಲ್ಲಿ, ಸೊಲ್ಲಾಪುರದ ವ್ಯಾಪಾರಿಯೊಬ್ಬ ಬ್ಯಾಂಡಿನ ಕ್ಯಾಸೆಟ್ ತೆಗೆಯುತ್ತೇನೆಂದ. ಬ್ಯಾಂಡಿನ ಮೊದಲ ಕ್ಯಾಸೆಟ್ಟು, ಎರಡು ಬದಿಗೆ ಎಂಟು ಧಾಟಿ. ಎಂಟೂ ಕುಣಿಯುವಂಥವೇ ಇರಲಿ ಅಂದಿದ್ದ ವ್ಯಾಪಾರಿ. ಚಂದ್ರಾಮ ಕೊನೆಯದೊಂದನ್ನು ಹೆಣ್ಣು ಕಳಿಸುವ ಧಾಟಿಗೆ ಬೇಡಿದ. ಮದುಮಗಳು ಎದುರಿಗಿಲ್ಲದೆ ಅದನ್ನು ಊದುವ ಪದ್ಧತಿ ಇಲ್ಲವೆಂದು ಉಸ್ಮಾನಸಾಬರು ಗಡ್ಡ ನೀವಿಕೊಂಡರು.

‘ಮದುಮಗಳು ನೆಲೋಗ್ಯಾಗ ಅದಾಳ್ರಿ. ಜೀಪ ಹತ್ತಿದ್ರೂ ಆಕಿ ಇನ್ನಾ ಅಗಸ್ಯಾಗೇ ನಿಂತಂಗ ನನಗ ಕಾಣತದ.’

ಉಸ್ಮಾನಸಾಬರು ಗಡ್ಡದಿಂದ ಕೈ ತೆಗೆದರು. ವ್ಯಾಪಾರಿಗೆ ನಾ ಹೇಳತೇನಿ, ನಡಿ ಎಂದರು.

ಸ್ಟುಡಿಯೋ ಎಂದರೆ ಗೋಡೆಗೆಲ್ಲ ಗೋಣಿಚೀಲ ಹೊಡೆದ ಒಂದು ಕೋಣೆ. ಸದ್ದಾಗುತ್ತದೆಂದು ಫ್ಯಾನೂ ಬಂದ್. ಏಳು ಧಾಟಿ ಮುಗಿಯುವಷ್ಟರಲ್ಲಿ ಎಲ್ಲರ ಅಂಗಿ ಹಿಂಡುವಂತಾಗಿದ್ದವು. ಎಂಟನೆಯದು ಸುರುವಾದದ್ದು ಚೆನ್ನಾಗಿಯೇ. ನಾಲ್ಕು ಉಸಿರು ಊದುವುದರೊಳಗೆ ಚಂದ್ರಾಮನ ಕಾಲು ತಾನೇ ಹಿಂದಕ್ಕೆ ಸರಿಯತೊಡಗಿತು. ಮೈಕು ಇದ್ದಲ್ಲೇ ಇತ್ತು, ಅವನು ಗೋಡೆ ಮುಟ್ಟಿದ್ದ. ರೆಕಾರ್ಡಿಂಗ್ ಮಾಡುವ ವ್ಯಂಕಟೇಶ ಯಂತ್ರ ನಿಲ್ಲಿಸಿ ಬಂದು ನೆಲಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದ, ದಾಟಬೇಡಿರೆಂದ. ಎರಡನೆಯ ಸಲ ಚಂದ್ರಾಮ ಗೆರೆಯ ಮೇಲೇ ನಿಂತ. ಆದರೆ ಹೆಜ್ಜೆ ನಿಂತಲ್ಲಿ ಉಸಿರೂ ನಿಂತಿತು. ನಡುವೆಯೇ ಧಾಟಿ ಹರಿದುಹೋಯಿತು.

ಟೇಪು ಉಳಿದದ್ದು ಇನ್ನೊಂದೇ ಸಲಕ್ಕೆ. ಉಸ್ಮಾನಸಾಬರು ಎದ್ದು ಬಂದು ಗೆರೆಯನ್ನು ಅಂಗಾಲಿನಿಂದ ಒರೆಸಿಬಿಟ್ಟರು.

‘ದನಿ ಸಣ್ಣಾದ್ರ ಆಗಲಿ ಬಿಡ್ರಿ ವ್ಯಂಕಟೇಶ. ಹೆಣ್ಣು ಕಳಸೂ ಮುಂದ ದನಿ ದೂರ ಆಗೂದೇ.’

ಅಷ್ಟು ಹೇಳಿ, ಕೆಳಗೆ ಹಾಸಿದ್ದ ವೈರು ಕಾಲಿಗೆ ತೊಡರಬಾರದೆಂದು ತಾವೇ ಚಂದ್ರಾಮನ ಬೆನ್ನ ಹಿಂದೆ ನಿಂತು ಅವನ ಅಂಗಿಯ ಚುಂಗು ಹಿಡಿದರು.

ಕ್ಯಾಸೆಟ್ ಕೈಗೆ ಬಂದ ವಾರವೇ ಚಂದ್ರಾಮ ಜೇವರ್ಗಿ ಮೇಲಿಂದ ನೆಲೋಗಿಗೆ ಹೋದ. ಶಿವಕಾಂತಾ ಎಂಟು ತಿಂಗಳ ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು. ಅವಳು ಕೈ ಒರೆಸಿಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಖುರ್ಷಿದ ತನ್ನ ಟೇಪ್‌ರೆಕಾರ್ಡರ್ ತಂದಳು. ಕುಣಿಯುವ ಧಾಟಿಗಳಿಗೆ ಕೂಸು ಕಾಲು ಬಡಿಯಿತು, ಆಮೇಲೆ ಎದೆಹಾಲು ಕುಡಿಯುತ್ತ ಮಲಗಿತು. ಅದನ್ನು ತೊಟ್ಟಿಲಿಗೆ ಹಾಕಿ ಬರುವಾಗ ಎಂಟನೆಯದು ಸುರುವಾಗಿತ್ತು.

ದನಿ ಸಣ್ಣದಾಗುತ್ತ ಬಂದಾಗ ಖುರ್ಷಿದ ಸೆಲ್ಲು ಮುಗಿದವೆಂದು ದನಿ ಏರಿಸಲು ಕೈ ಚಾಚಿದಳು. ಶಿವಕಾಂತಾ ಆ ಕೈ ಹಿಡಿದಳು.

‘ಸೆಲ್ಲಲ್ಲ ಅಕ್ಕಾ. ನಮ್ಮಪ್ಪ ಹಿಂದಕ್ಕ ಹೊಂಟಾನ.’

ಕ್ಯಾಸೆಟ್ಟು ಟಕ್ಕೆಂದು ನಿಂತಿತು. ಅಂಗಿ ಯಾರು ಹಿಡಿದಿದ್ದರೆಂದು ಕೇಳಿದಳು. ಉಸ್ತಾದರೆಂದ.

‘ಎಲ್ಲೀನೂ ಎಡವಿಲ್ಲ. ನೆಟ್ಟಗ ನಡಸ್ಯಾರ,’ ಎಂದಳು.

ಸೆಲ್ಲು ಉಳಿಸಬೇಕೆಂದು ಕ್ಯಾಸೆಟ್ಟನ್ನು ಪೆನ್ಸಿಲಿಗೆ ಸಿಕ್ಕಿಸಿ ಕೈಯಿಂದಲೇ ಹಿಂದಕ್ಕೆ ತಿರುಗಿಸಿ ಮತ್ತೆ ಹಚ್ಚಿದಳು. ಈ ಸಲ ಕೂಡಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲ ಒಳಗೆ ನಿಂತಳು. ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಚಂದ್ರಾಮನೂ ಎದ್ದ. ಕ್ಲಾರಿನೆಟ್ ದೂರ ಸರಿಯತೊಡಗಿದಾಗ, ಬರಿಗೈಯಲ್ಲಿ ಮಗಳ ಮುಖ ನೋಡುತ್ತ, ಅವನ ಕಾಲೂ ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಅವನ ಹಿಂದೆ ಎತ್ತುಗಳಿಗೆ ನೀರಿಡುವ ಕಲ್ಲಿನ ಬಾನಿ ಇತ್ತು.

‘ಬಾನಿ ಅದ ನೋಡು ಅಪ್ಪಾ,’ ಎಂದಳು ಶಿವಕಾಂತಾ.