ಹತ್ತು ಸಾವಿರದ ಒಂದು

ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತೆಂದರೆ ಮನೆಯ ಹೆಣ್ಣುಮಕ್ಕಳ ಶಾಲೆ ನಿಂತುಹೋಗುತ್ತಿದ್ದ ಕಾಲ ಅದು. ಆ ಕೊನೆಯ ಜ್ವರದಲ್ಲಿ ಪೊರೆ ಕಳಚಿ ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಎಷ್ಟು ಸೊಪ್ಪು ಹಾಕಿದರೂ ಸಾಲದು. ಸಾತನೂರಿನ ಪಕ್ಕದ ನಮ್ಮೂರಿನಲ್ಲಿ ಆ ಎಂಟು ದಿನ ಮುದ್ದೆ ಮುರಿಯುವ ಕೈಗೂ ಹಿಪ್ಪುನೇರಳೆ ಸೊಪ್ಪಿನದೇ ವಾಸನೆ. ನಮ್ಮ ಮನೆಯಲ್ಲಿ ಹಾಗೆ ಶಾಲೆ ಬಿಟ್ಟು ಉಳಿಯುತ್ತಿದ್ದವಳು ನನ್ನ ಒಡಹುಟ್ಟಿದ ಜಯಕ್ಕ. ನನಗಿಂತ ದೊಡ್ಡವಳು, ಹುಳುವಿನ ದೆಸೆಯಿಂದ ಒಂದು ವರ್ಷ ಕಳೆದುಕೊಂಡು ನನ್ನ ಜೊತೆಗೇ ಏಳನೇ ಕ್ಲಾಸಿನಲ್ಲಿದ್ದಳು. ನಾನು ಮೈಗಳ್ಳಿ, ಅದಕ್ಕೇ ಶಾಲೆಗೆ ಹೋಗುತ್ತಿದ್ದೆ.

ನಮ್ಮಿಬ್ಬರ ಆಟ ಸಂಖ್ಯೆ ಒಡೆಯುವುದು. ಸರ್ಕಾರಿ ಬಸ್ಸಿನ ನಂಬರನ್ನು ಒಬ್ಬಳು ಕೂಗಿದರೆ, ಅದು ಯಾವುದರಿಂದ ಭಾಗವಾಗುತ್ತದೆಂದು ಇನ್ನೊಬ್ಬಳು ಹೇಳಬೇಕು. ಯಾವಾಗಲೂ ಅವಳೇ ಗೆಲ್ಲುತ್ತಿದ್ದಳು. ಗೆದ್ದಾಗ ಓಡಿಬಂದು ನನ್ನ ಜಡೆ ಎಳೆಯುತ್ತಿದ್ದಳು.

ಆ ವರ್ಷ ಅಪ್ಪ ಹೇಳಿಬಿಟ್ಟಿದ್ದರು: ಹೈಸ್ಕೂಲಿಗೆ ಒಬ್ಬಳೇ, ಮೇಷ್ಟ್ರು ಯಾರನ್ನು ಹೇಳುತ್ತಾರೋ ಅವಳು. ಮೇಷ್ಟ್ರು ಬೋರ್ಡಿನ ಮೇಲೆ ಹತ್ತು ಸಾವಿರದ ಒಂದು ಎಂದು ಬರೆದು, ಇದು ಒಡೆಯುತ್ತದೋ ಇಲ್ಲವೋ ಹೇಳಿ ಎಂದರು. ನಾನು ಅದನ್ನು ಮನೆಗೆ ತಂದೆ.

ಜಯಕ್ಕ ಹುಳುವಿನ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಶುರುಮಾಡಿದಳು. ಒಂದು ಸಲ ಸೊಪ್ಪು ಹಾಕುವುದು, ಒಂದು ಭಾಗಾಕಾರ. ಮೂರು, ಏಳು, ಹನ್ನೊಂದು, ಹದಿಮೂರು, ಯಾವುದಕ್ಕೂ ಬಗ್ಗಲಿಲ್ಲ. ಎಲ್ಲಿಯತನಕ ನೋಡುತ್ತೀಯೆಂದು ಕೇಳಿದೆ.

"ನೂರ್ರೊಳ್ಗೆ ಸಿಕ್ದಿದ್ರೆ ಇಲ್ಲ ಕಣಮ್ಮಿ. ಒಡ್ದಿದ್ ಎರಡ್ ತುಂಡೂ ನೂರು ದಾಟುದ್ರೆ, ಗುಣುಸ್ದಾಗ ಅದ್ನೂ ದಾಟ್ಬುಡ್ತದೆ."

ನನಗೆ ಅರ್ಥವಾಗಲಿಲ್ಲ, ಬಾಯಿಪಾಠವಾಯಿತು. ಐದನೆಯ ದಿನ ಎಪ್ಪತ್ತಮೂರಕ್ಕೆ ಶೇಷ ಸೊನ್ನೆ ಬಂತು. ಎಪ್ಪತ್ತಮೂರು, ನೂರ ಮೂವತ್ತೇಳು. ಅಕ್ಕ ಮಾಡಿದ್ದು ಅಂತ ಮೇಷ್ಟ್ರಿಗೆ ಹೇಳು ಎಂದು ಕಳಿಸಿದಳು.

ನಾನು ಹೇಳಲಿಲ್ಲ. ಯಾರು ಮಾಡಿದ್ದೆಂದು ಕೇಳಿದಾಗ ನಾನೇ ಸಾರ್ ಎಂದೆ. ನೂರಕ್ಕೇ ಯಾಕೆ ನಿಲ್ಲಿಸಬೇಕು ಎಂದಾಗ ಅವಳ ಮಾತನ್ನೇ ಗಿಳಿಯಂತೆ ಒಪ್ಪಿಸಿದೆ. ಗೂಡು ಬಿಡಿಸಿದ ಮೇಲೆ ಮೇಷ್ಟ್ರು ಮನೆಗೇ ಬಂದು ಅಪ್ಪನಿಗೆ ನನ್ನ ಹೆಸರು ಹೇಳಿಹೋದರು. ಜಯಕ್ಕ ಅಪ್ಪನ ಕೈ ಹಿಡಿದು ಗೋಡೆ ತೋರಿಸಲು ಎಳೆದೊಯ್ದಳು. ಪ್ರತಿ ಬೆಳೆ ಮುಗಿದ ಮೇಲೆ ರೋಗ ಬರದಿರಲೆಂದು ಬಳಿಯುವ ಹಾಗೆ, ಅಷ್ಟರಲ್ಲಿ ಸುಣ್ಣ ಬಳಿದಾಗಿತ್ತು. ಅಪ್ಪ ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿ ನಿಂತೆ. ಒಟ್ಟೆಕಿಚ್ಚು ಬ್ಯಾಡ ಕಣವ್ವ ಎಂದು ಅವರು ಅವಳಿಗೇ ಬುದ್ಧಿ ಹೇಳಿದರು.

ನಾನು ಗಣಿತದ ಟೀಚರಾಗಿ ನಿವೃತ್ತಳಾದೆ. ಜಯಕ್ಕ ಬೈರಾಪಟ್ಟಣಕ್ಕೆ ಸೊಸೆಯಾಗಿ ಹೋಗಿ ಅಲ್ಲೂ ಸೊಪ್ಪು ಕೊಯ್ದಳು. ಕಳೆದ ತಿಂಗಳು ಅವಳ ಜಗುಲಿಯಲ್ಲಿ ಕೂತು, ತಪ್ಪಾಯ್ತು ಅಕ್ಕ ಎಂದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹತ್ಲಕ್ಷದ ಒಂದೂ ಒಡೀತದೆ ಕಣಮ್ಮಿ, ನೂರಾ ಒಂದ್ರಲ್ಲಿ. ನನ್ ದೊಡ್ಮಗ ಒಟ್ಟೇಲಿದ್ದಾಗ್ಲೇ ಸಿಕ್ತು."

ನನಗ್ಯಾಕೆ ಹೇಳಲಿಲ್ಲ ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

"ನಿಂಗಾ?" ಎಂದಳು.

ಬಸ್ಸಿನಲ್ಲಿ ಬರುತ್ತಾ ಭಾಗಿಸಿ ನೋಡಿದೆ, ಸರಿಯಾಗಿತ್ತು. ಜೀವಮಾನವೆಲ್ಲ ಗಣಿತ ಹೇಳಿಕೊಟ್ಟ ನಾನು ಅದನ್ನು ಒಮ್ಮೆಯೂ ಒಡೆಯಲು ಹೋಗಿರಲಿಲ್ಲ. ಉತ್ತರ ಸಿಕ್ಕ ದಿನ ಓಡಿಬಂದು ನನ್ನ ಜಡೆ ಎಳೆಯಬೇಕಾಗಿದ್ದವಳು, ಯಾರಿಗೂ ಹೇಳದೆ ಮತ್ತೆ ಸೊಪ್ಪು ಹಾಕಲು ಎದ್ದುಹೋಗಿರಬೇಕು.