ರುಚಿ ನೋಡದೆ ಇಳಿಸಿದ ಸಾರು

ಮುಳ್ಳೂರಿನ ಶಿವಮಲ್ಲಪ್ಪನವರು ಮದುವೆ ಅಡುಗೆಗೆ ಹೊರಟರೆಂದರೆ ಅದು ದಂಡಯಾತ್ರೆ. ಮುಂದೆ ಗೂಡ್ಸ್ ಆಟೋದಲ್ಲಿ ಕೊಪ್ಪರಿಗೆ, ಬಾಣಲೆ, ಉದ್ದನೆಯ ಸೌಟುಗಳು. ಹಿಂದೆ ಶಿಷ್ಯ ಮೂರ್ತಿಯ ಬೈಕು, ಅವನ ಬೆನ್ನ ಹಿಂದೆ, ಹೆಗಲ ಮೇಲೆ ಕೆಂಪು ಟವೆಲ್ಲಿನ ಸೇನಾಪತಿ. ಕೊಳ್ಳೇಗಾಲ, ಹನೂರು, ಯಳಂದೂರು, ಮೂರು ತಾಲ್ಲೂಕುಗಳನ್ನೂ ಅವರು ಬರೀ ಸಾರಿನಿಂದ ಗೆದ್ದಿದ್ದರು. ಆಯುಧ ಒಂದೇ, ನಾಲಿಗೆ. ಸಾರು ಕುದಿ ಬಂದಾಗ ಒಂದು ತೊಟ್ಟು ಎಡ ಅಂಗೈಗೆ ಬಿಟ್ಟುಕೊಂಡು ಚಪ್ಪರಿಸಿ ಕಣ್ಣು ಮುಚ್ಚುತ್ತಿದ್ದರು. ಅಷ್ಟು ಹೊತ್ತು ಕಾಯಿ ತುರಿಯುವವರೂ ಕೈ ನಿಲ್ಲಿಸಬೇಕು. ಕಣ್ಣು ಬಿಟ್ಟು "ಇಳ್ಸಿ" ಎಂದರೆ ಮದುವೆ ಮುಗಿದಂತೆಯೇ. ತಾಳಿ ಕಟ್ಟುವುದೆಲ್ಲ ಆಮೇಲಿನ ಶಾಸ್ತ್ರ.

ಹೋದ ಮಳೆಗಾಲದಲ್ಲಿ ಅವರಿಗೊಂದು ಜ್ವರ ಬಂತು. ಬಂದದ್ದು ಹೋಯಿತು, ಆದರೆ ಹೋಗುವಾಗ ರುಚಿಯನ್ನೂ ವಾಸನೆಯನ್ನೂ ಎತ್ತಿಕೊಂಡು ಹೋಯಿತು. ಹೆಂಡತಿ ಚನ್ನಾಜಮ್ಮ ಕೊಟ್ಟ ಕಾಫಿ ಬಿಸಿನೀರಾಯಿತು, ಉಪ್ಪಿನಕಾಯಿ ಒದ್ದೆ ಕಟ್ಟಿಗೆಯ ಚೂರಾಯಿತು. ಶಿವಮಲ್ಲಪ್ಪನವರು ಯಾರಿಗೂ ಹೇಳಲಿಲ್ಲ. ಯಳಂದೂರಿನ ಮದುವೆಯೊಂದನ್ನು ಮೊದಲೇ ಒಪ್ಪಿಕೊಂಡಾಗಿತ್ತು. ಅಲ್ಲಿ ಎಂದಿನಂತೆ ತೊಟ್ಟು ಬಿಟ್ಟುಕೊಂಡರು, ಚಪ್ಪರಿಸಿದರು, ಕಣ್ಣು ಮುಚ್ಚಿದರು. ಬಾಯಲ್ಲಿ ಏನೂ ಇರಲಿಲ್ಲ. ಹೆದರಿ ಇನ್ನೊಂದು ಹಿಡಿ ಉಪ್ಪು ಹಾಕಿದರು. ಮತ್ತೂ ಹೆದರಿ ಮತ್ತೊಂದು.

ಪಂಕ್ತಿಯಲ್ಲಿ ಯಾರೂ ಬೈಯಲಿಲ್ಲ. ಗಂಡಿನ ಕಡೆಯ ಹಿರಿಯರು ಸಾರನ್ನದ ತುತ್ತನ್ನು ಎಲೆಯ ಅಂಚಿಗೆ ತಳ್ಳಿ, ಮಜ್ಜಿಗೆ ಕೇಳಿ, ಎದ್ದು ಕೈ ತೊಳೆದರು. ಹೆಣ್ಣಿನ ತಾಯಿ ಅಡುಗೆ ಮಾಡುವ ಜಾಗಕ್ಕೆ ಬಂದು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತು ಹೋದಳು. ಸೇನಾಪತಿಗಳು ಹಿತ್ತಲ ಬಾಗಿಲಿನಿಂದ ಬಸ್ ಸ್ಟ್ಯಾಂಡಿಗೆ ನಡೆದರು.

ಕೊಪ್ಪರಿಗೆಗಳು ಮೂರ್ತಿಯ ಮನೆ ಸೇರಿದವು. ಕೊಳ್ಳೇಗಾಲದ ಡಾಕ್ಟರು, "ರುಚಿ ಬರಬಹುದು, ಬರದೆಯೂ ಇರಬಹುದು" ಎಂದರು. ಶಿವಮಲ್ಲಪ್ಪನವರು ಬೆಳಿಗ್ಗೆ ಇಂಗಿನ ಡಬ್ಬಿಗೆ ಮೂಗಿಟ್ಟು ಕೂರುವರು, ಸಂಜೆ ವಿಭೂತಿ ಹಚ್ಚಿಕೊಂಡು ಮನೆದೇವರು ಮಾದಪ್ಪನ ಪಟದ ಮುಂದೆ ಕೂರುವರು. ಇಂಗೂ ಮಾತಾಡಲಿಲ್ಲ, ಮಾದಪ್ಪನೂ ಮಾತಾಡಲಿಲ್ಲ.

"ನಾನ್ ಅವ್ನಿಗೆ ಏನ್ ಕಮ್ಮಿ ಮಾಡಿದ್ದೆ ಯೋಳು" ಎಂದರು ಒಂದು ಸಂಜೆ.

"ಕಣ್ಣ ಕೇಳ್ನಿಲ್ಲ, ಕಾಲ ಕೇಳ್ನಿಲ್ಲ, ನಾಲ್ಗೆ ರುಚಿ ಒಂದ್ ತಕಂಡ. ಬಯ್ಯಕೆ ಆ ನಾಲ್ಗೆ ಇನ್ನೂ ನೆಟ್ಗೇ ಅದಲ್ಲ" ಎಂದರು ಚನ್ನಾಜಮ್ಮ. ಗಂಡ ನಗಲಿಲ್ಲ. ಅಂದು ಊಟಕ್ಕೂ ಏಳಲಿಲ್ಲ. ಉಣ್ಣುವುದು ಅವರಿಗೆ ಚೀಲ ತುಂಬುವ ಕೆಲಸವಾಗಿತ್ತು.

ಕಾರ್ತಿಕದಲ್ಲಿ ಬಂಡಳ್ಳಿಯಿಂದ ಮಹಾದೇವಮ್ಮ ಬಂದರು. ಅಲ್ಲಿನ ಮಾದಪ್ಪನ ಗುಡಿಯಲ್ಲಿ ಸೋಮವಾರದ ದಾಸೋಹ ನಡೆಸುವ ಮುದುಕಿ. ಗುಡಿಯ ಅಡುಗೆಯವರ ಮನೆಯಲ್ಲಿ ಸಾವಾಗಿ ಸೂತಕ. ಒಲೆ ಮುಂದೆ ನಿಲ್ಲಲು ಜನ ಬೇಕಾಗಿತ್ತು.

"ನಂಗೆ ರುಚಿ ಗೊತ್ತಾಗಕಿಲ್ಲ ಕಣವ್ವ. ಯಳಂದೂರ್ ಕತೆ ಕೇಳಿರ್ಬೇಕಲ್ಲ."

"ಕೇಳಿವ್ನಿ. ಬಂಡಳ್ಳಿಗಂಟ ಬಂತು ಆ ಉಪ್ಪು." ಮುದುಕಿ ಎಲೆಅಡಿಕೆಯನ್ನು ಕೆನ್ನೆಯ ಆ ಕಡೆಗೆ ಸರಿಸಿದರು. "ರುಚಿ ನೋಡು ಅಂತ ಯಾರಪ್ಪ ಕೇಳ್ದೋರು? ಸ್ವಾಮಿಗೆ ಎಡೆ ಇಕ್ಕೋಗಂಟ ಯಾರಾರ ಒಂದ್ ತೊಟ್ಟು ಬಾಯ್ಗೆ ಆಕಂಡಾರ? ಅಲ್ಲಿ ಎಲ್ರೂ ನಿನ್ನಂಗೆಯ."

ದೇವರ ಅಡುಗೆಯ ಈ ಕಟ್ಟುಪಾಡು ಶಿವಮಲ್ಲಪ್ಪನವರಿಗೆ ತಿಳಿಯದ್ದೇನಲ್ಲ. ತಿಳಿದಿದ್ದರಿಂದಲೇ, ದೇವರ ಕಾರ್ಯದ ಕರೆ ಬಂದಾಗಲೆಲ್ಲ ಸೊಂಟನೋವೆಂದು ಮೂರ್ತಿಯನ್ನು ಕಳಿಸಿದ್ದರು. ಮೂರು ತಾಲ್ಲೂಕು ಗೆದ್ದ ವೀರರು ರುಚಿ ನೋಡದೆ ಇಳಿಸುವ ಸಾರಿಗೆ ಇಷ್ಟು ಕಾಲವೂ ಹೆದರಿದ್ದರು.

"ಈಗ್ಲೂ ಸೊಂಟ ನೋಯ್ತದ?" ಎಂದರು ಒಳಗಿನಿಂದ ಚನ್ನಾಜಮ್ಮ.

ಸೋಮವಾರ ಮೂರ್ತಿಯೊಂದಿಗೆ ಬಂಡಳ್ಳಿಯ ಬಸ್ಸಿನಲ್ಲಿ ಕೂತು ಅವರು ತೀರ್ಮಾನಿಸಿಬಿಟ್ಟರು: ಇದೂ ಕೆಟ್ಟರೆ ಇನ್ನು ಸೌಟು ಮುಟ್ಟುವುದಿಲ್ಲ. ಗುಡಿಯ ಹಿಂದೆ ಒಲೆ ಹೊತ್ತಿತು. ಬೇಳೆ ಬೆಂದಿತು, ಕುಂಬಳಕಾಯಿ ಬಿತ್ತು, ಖಾರ ಬಿತ್ತು. ಉಪ್ಪನ್ನು ಹಿಡಿಯಲ್ಲಿ ತೂಗಿ ತೂಗಿ ಹಾಕಿದರು. ಹಾಕಿದ್ದೇ ತಡ, ಯಳಂದೂರಿನ ಹೆದರಿಕೆ ಬಂದು ಪಕ್ಕದಲ್ಲಿ ನಿಂತಿತು. ಸಾಲದೇನೋ. ಕೈ ಮತ್ತೆ ಉಪ್ಪಿನ ಮಡಕೆಗೆ ಹೋಯಿತು.

ಮೂರ್ತಿ ಹತ್ತಿರ ಸರಿದ. "ಅಣ್ಣ, ನೀವ್ ಅತ್ಲಾಗ್ ತಿರುಗ್ಕಳಿ. ನಾನ್ ಒಂದ್ ತೊಟ್ಟು ನೋಡ್ಬುಡ್ತೀನಿ. ಮಾದಪ್ಪ ಏನ್ ಇಲ್ಲಿ ಕ್ಯಾಮ್ರಾ ಮಡ್ಗಿದ್ದನಾ?"

"ಮಡ್ಗವ್ನೆ ಕಣ್ಲಾ. ಓಗಿ ಅನ್ನ ನೋಡು."

ಉಪ್ಪಿನ ಹಿಡಿಯನ್ನು ಕೊಪ್ಪರಿಗೆಯ ಮೇಲೆ ಚಾಚಿ ಕಣ್ಣು ಮುಚ್ಚಿದರು. ಈ ಸಲ ನಾಲಿಗೆಯನ್ನು ಕೇಳಲಿಲ್ಲ. ಆವಿ ಮೊಣಕೈಗೆ ತಾಕುತ್ತಿತ್ತು. ಬೇಳೆ ನಿಧಾನಕ್ಕೆ ಕೊತಗುಡುತ್ತಿತ್ತು. 'ಮಾದಪ್ಪ, ಇದು ನಿಂದು' ಎಂದುಕೊಂಡರು; ಬೇರೆ ಪ್ರಾರ್ಥನೆ ಬರಲಿಲ್ಲ. ಹೆದರಿಕೆ 'ಹಾಕು, ಹಾಕು' ಎನ್ನುತ್ತಲೇ ಇತ್ತು. ಅದಕ್ಕೂ ಆಳದಲ್ಲಿ, ಹೆದರದ ಏನೋ ಒಂದು 'ಸಾಕು' ಎಂದಿತು. ಇಷ್ಟು ವರ್ಷ ಅವರೊಳಗೇ ಇದ್ದು, ನಾಲಿಗೆಯ ದರ್ಬಾರಿನಲ್ಲಿ ಕೇಳಿಸದೆ ಹೋಗಿದ್ದ ದನಿ. ಶಿವಮಲ್ಲಪ್ಪನವರು ಹಿಡಿಯ ಉಪ್ಪನ್ನು ಮಡಕೆಗೆ ಬಿಟ್ಟರು. "ಇಳ್ಸಿ" ಎಂದರು.

ಎಡೆ ಇಟ್ಟು ಮಂಗಳಾರತಿ ಆಯಿತು. ಪಂಕ್ತಿ ಕೂತಿತು. ಅವರು ಕಂಬದ ಮರೆಯಲ್ಲಿ ನಿಂತು ಎಲೆಗಳ ಅಂಚುಗಳನ್ನೇ ನೋಡಿದರು. ಮುತ್ತಯ್ಯನೆಂಬ ಮುದುಕ ಉಪ್ಪು ಕೇಳಿದಾಗ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡರು. ಮುತ್ತಯ್ಯ ಅದನ್ನು ಮಜ್ಜಿಗೆಗೆ ಹಾಕಿಕೊಂಡ.

ಮೂರ್ತಿ ಬಂದು ಪಿಸುಗುಟ್ಟಿದ. "ಒಂದ್ ಚಿಟ್ಕೆ ಕಮ್ಮಿ ಅಂತದೆ ನನ್ ನಾಲ್ಗೆ."

"ಜನ ಏನಂತರ್ಲಾ?"

"ಅವ್ರು ಮಾತಾಡ್ತಾ ಇಲ್ಲ ಅಣ್ಣ, ಉಣ್ತಾವ್ರೆ. ಕೊಪ್ರಿಗೆ ತಳ ಕಾಣ್ತಾ ಅದ."

ಕೊನೆಯ ಪಂಕ್ತಿಯಲ್ಲಿ ಅವರೂ ಕೂತರು. ಅನ್ನ ಬಿಸಿಯಾಗಿತ್ತು, ಮೆತ್ತಗಿತ್ತು. ಅದಕ್ಕಿಂತ ಹೆಚ್ಚೇನೂ ಬಾಯಿಗೆ ತಿಳಿಯಲಿಲ್ಲ. ಹೋದದ್ದು ಹಿಂದಿರುಗಿರಲಿಲ್ಲ. ಮಹಾದೇವಮ್ಮ ಸಾರಿನ ಬಕೆಟ್ಟು ಹಿಡಿದು ಮುಂದೆ ನಿಂತು ಮುಖ ನೋಡಿದರು.

"ಎಂಗದಪ್ಪ?"

ಶಿವಮಲ್ಲಪ್ಪನವರು ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿದರು.

"ಇನ್ನೊಸಿ ಬುಡವ್ವ" ಎಂದರು.