ಪಿಕ್ಚರಿನಲ್ಲಿ ಇಲ್ಲದ ಫೈಟು

ಅಲ್ಲಾಳಸಂದ್ರ ಕೆರೆಯ ಪಕ್ಕದ ಬೆಂಚಿನ ಮೇಲೆ ಪ್ರತಿ ಭಾನುವಾರ ಬೆಳಗ್ಗೆ ನಾವು ನಾಲ್ವರು ಮುದುಕರು ಕೂತು, ಎಂಬತ್ತರ ದಶಕದ ಫೈಟಿಂಗ್ ಪಿಕ್ಚರುಗಳಲ್ಲಿ ಯಾವುದು ಕ್ಲಾಸಿಕ್, ಯಾವುದು ಡಬ್ಬಾ ಎಂದು ತೀರ್ಮಾನ ಮಾಡುತ್ತಿದ್ದೆವು. ಕೇಳಿದವರಿಗೆ ನಗು ಬರಬಹುದು. ನನಗೆ ಅದು ನಗುವ ವಿಷಯವಾಗಿರಲಿಲ್ಲ. ಹೆಂಡತಿ ತೀರಿಹೋದ ಮೇಲೆ ವಾರದ ಉಳಿದ ದಿನಗಳಲ್ಲಿ ನನ್ನ ಬಾಯಿಂದ ಹೊರಡುವ ಮಾತು ಬಹಳ ಕಡಿಮೆ. ಹಾಲಿನವನಿಗೆ ಅರ್ಧ ಲೀಟರ್ ಸಾಕು ಎನ್ನುವುದು, ಮಹಡಿಯ ಬಾಡಿಗೆಯವರಿಗೆ ಮೋಟರ್ ಆಫ್ ಮಾಡಿ ಎಂದು ಕೂಗುವುದು, ಅಷ್ಟೇ. ನಮಗೆ ಮಕ್ಕಳಾಗಲಿಲ್ಲ. ಎಷ್ಟೋ ಸಲ ಸಂಜೆ ಟಿ.ವಿ.ಯಲ್ಲಿ ಯಾರೋ ಏನೋ ಕೇಳಿದಾಗ ನಾನೇ ಉತ್ತರ ಹೇಳಿಬಿಡುತ್ತೇನೆ. ಹಾಗಾಗಿ ಶನಿವಾರ ಮಲಗುವಾಗಲೇ ಮಾರನೆಯ ದಿನದ ವಾದವನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಳ್ಳುತ್ತಿದ್ದೆ.

ಉಳಿದ ಮೂವರಲ್ಲಿ ಒಬ್ಬರು ಬಸ್ ಕಂಡಕ್ಟರ್ ಆಗಿ ರಿಟೈರಾದವರು. ಇನ್ನೊಬ್ಬರು ಹುಣಸಮಾರನಹಳ್ಳಿಯ ಜಮೀನುದಾರರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ, ಬೆಳಗ್ಗೆ ಮಗನ ಕಾರಿನಲ್ಲಿ ಬಂದು ಇಳಿಯುತ್ತಾರೆ. ಮೂರನೆಯವನು ನನ್ನ ಗೆಳೆಯ. ಆರ್.ಟಿ. ನಗರದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ. ಅವನೂ ನಾನೂ ಹುಡುಗರಾಗಿದ್ದಾಗ ಯಶವಂತಪುರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅಕ್ಕಪಕ್ಕದ ಲೇತು ಮಿಷಿನ್ನುಗಳಲ್ಲಿ ಕೆಲಸ ಮಾಡಿದವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದ್ದೆ, ಅವನು ಅದಕ್ಕೂ ಮೊದಲೇ.

ಕ್ಲಾಸಿಕ್ ಅಂದರೆ ಏನು ಎನ್ನುವುದೇ ನಮ್ಮಲ್ಲಿ ಇತ್ಯರ್ಥವಾಗಿರಲಿಲ್ಲ.

‘ನೂರು ದಿನ ಓಡಿದ್ರೆ ಕ್ಲಾಸಿಕ್. ಅಷ್ಟೇ ಕಣ್ರೀ, ಮಾತೇ ಇಲ್ಲ,’ ಎನ್ನುತ್ತಿದ್ದರು ಕಂಡಕ್ಟರು.

‘ನೂರ್ ದಿನ ಓಡ್ಸಿದ್ದು ನಾವಲ್ವಾ? ಟಿಕೆಟ್ ಅರಿದು ಜೇಬಿಗಾಕ್ಕೊಂಡು, ಒಳಗೆ ನಾಕು ನಾಯಿ, ಒಬ್ಬ ಗೇಟ್‌ಕೀಪರು,’ ಎಂದು ಜಮೀನುದಾರರು ನಗುತ್ತಿದ್ದರು. ‘ನನ್ ಪ್ರಕಾರ ಈರೋ ಒಡೆಯೋವಾಗ ನಮ್ ಕೈ ತಾನಾಗೇ ಮುಷ್ಟಿ ಆಗ್ಬೇಕು. ಅಂಗಾದ್ರೆ ಅದು ಪಿಕ್ಚರು.’

ಕೊನೆಗೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹರೆಯದಲ್ಲಿ ನಾನು ಒಬ್ಬ ನಟನ ಅಭಿಮಾನಿ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೆ. ಕಟೌಟಿಗೆ ಹಾರ ಏರಿಸುವುದು, ಪಟಾಕಿ ತರುವುದು, ಎದುರು ಸಂಘದವರ ಜೊತೆ ಬೈದಾಡುವುದು ನನ್ನ ಜವಾಬ್ದಾರಿ. ಅವನ ಒಂದೊಂದು ಪಿಕ್ಚರನ್ನೂ ಮೊದಲ ದಿನ ಮೊದಲ ಆಟದಲ್ಲಿ ನೋಡಿದ್ದೇನೆ ಎಂದು ಬೆಂಚಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೆನೋ. ‘ಸೆಕ್ರೆಟರಿಗಳು ಏನಂತಾರೆ?’ ಎಂದು ಕಂಡಕ್ಟರು ಕೇಳಿದರೆ ನಾನು ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುತ್ತಿದ್ದೆ.

ನನ್ನ ಗೆಳೆಯ ಹೆಚ್ಚು ವಾದಿಸುವವನಲ್ಲ. ಆದರೆ ಒಂದು ಪಿಕ್ಚರಿನ ವಿಷಯಕ್ಕೆ ಬಂದರೆ ಜಗ್ಗುತ್ತಿರಲಿಲ್ಲ. ಅದು ಐವತ್ತು ದಿನವೂ ಓಡದ ಪಿಕ್ಚರು. ಹೆಸರು ಬೇಡ. ಅದರ ಕೊನೆಯ ಫೈಟು ಒಂದೇ ಸಾಕು, ಮಿಕ್ಕಿದ್ದನ್ನೆಲ್ಲ ತೂಗುತ್ತದೆ ಎನ್ನುತ್ತಿದ್ದ.

‘ಕಲ್ಲು ತುಂಬಿದ ಲಾರಿ ಯಾರ್. ಬ್ರೇಕಿಲ್ಲ. ಹೀರೋದು ಎರಡೂ ಕೈ ಕಟ್ಹಾಕಿದಾರೆ. ಕಾಲಲ್ಲೇ ಹೊಡೀತಾನೆ, ಹಲ್ಲಲ್ಲೇ ಹಗ್ಗ ಬಿಚ್ತಾನೆ. ಕೊನೇಲಿ ವಿಲನ್ನು ಲಾರಿ ಹಿಂದ್ಗಡೆ ನೇತಾಡ್ತಾ ಇರ್ತಾನೆ. ಹೀರೋ ಕೈ ಕೊಡ್ತಾನೆ. ಆ ನನ್ಮಗ ಕೈ ಹಿಡ್ಕೊಂಡು ಇವನ ಮುಖಕ್ಕೇ ಉಗೀತಾನೆ. ಉಗಿದ್ರೂ ಮೇಲಕ್ಕೆಳೀತಾನೆ ಗುರು! ಬೇರೆ ಪಿಕ್ಚರಲ್ಲಿ ಏನಿದೆ? ಹೊಡಿ, ಸಾಯ್ಸು, ಪೊಲೀಸ್ ಜೀಪು ಬಂತು, ಶುಭಂ. ಇದ್ರಲ್ಲಿ ಮನುಷ್ಯ ಇದ್ದಾನೆ.’

ಅವನು ಇದನ್ನು ಹೇಳುವಾಗಲೆಲ್ಲ ನಾನು ಕೆರೆಯ ಕಡೆ ನೋಡುತ್ತಿದ್ದೆ. ಏಕೆಂದರೆ ಆ ಫೈಟು ಆ ಪಿಕ್ಚರಿನಲ್ಲಿ ಇಲ್ಲ. ಅದನ್ನು ಕಟ್ಟಿದವನು ನಾನು.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಪಿಕ್ಚರು ಬಿಡುಗಡೆಯಾಗುವ ಶುಕ್ರವಾರ ನಾನು ಬೆಳಗಿನ ಆಟಕ್ಕೆ ಓಡುತ್ತಿದ್ದೆ. ಮಾಲೀಕರು ಮಧ್ಯಾಹ್ನದವರೆಗೆ ಬರುತ್ತಿರಲಿಲ್ಲ. ಅಲ್ಲಿಯವರೆಗೆ ನನ್ನ ಲೇತನ್ನೂ ಅವನೇ ನೋಡಿಕೊಳ್ಳುತ್ತಿದ್ದ; ಒಂದರಲ್ಲಿ ಕಬ್ಬಿಣ ಕಚ್ಚಿಸಿ, ಅದು ತಿರುಗುವಷ್ಟರಲ್ಲಿ ಇನ್ನೊಂದರ ಕಡೆ ಹಾರಿ, ಮತ್ತೆ ಮೊದಲಿನದಕ್ಕೆ. ಆಟ ಬಿಟ್ಟ ಕೂಡಲೇ ನಾನು ಬರಬೇಕು, ಅವನು ಜುಮ್ಮಾ ನಮಾಜಿಗೆ ಹೋಗಬೇಕು. ಇದಕ್ಕೆ ಪ್ರತಿಯಾಗಿ ನಾನು ಶನಿವಾರ ಊಟದ ಹೊತ್ತಿನಲ್ಲಿ ಇಡೀ ಪಿಕ್ಚರನ್ನು ಹೇಳಬೇಕು. ಟೈಟಲ್ಲಿನಿಂದ ಹಿಡಿದು ಶುಭಂ ತನಕ, ಫೈಟಿನ ಸದ್ದೆಲ್ಲ ಬಾಯಲ್ಲೇ ಮಾಡಿಕೊಂಡು. ಅವನು ಬುತ್ತಿಯ ಮುಚ್ಚಳ ತೆಗೆದು, ತಿನ್ನುವುದನ್ನು ಮರೆತು ಕೇಳುತ್ತಿದ್ದ. ಅಷ್ಟು ಚೆನ್ನಾಗಿ ನನ್ನ ಮಾತು ಕೇಳಿದವರು ಮತ್ತೆ ಯಾರೂ ನನಗೆ ಸಿಗಲಿಲ್ಲ.

ಆ ಶುಕ್ರವಾರ ಎದುರು ಸಂಘದವರೂ ಬಂದು ಸೇರಿ ಕ್ಯೂನಲ್ಲಿ ಹೊಡೆದಾಟವಾಯಿತು. ನನಗೆ ಟಿಕೆಟು ಸಿಗಲಿಲ್ಲ. ಕಾರ್ಯದರ್ಶಿಗೇ ಟಿಕೆಟು ಸಿಗಲಿಲ್ಲ ಎನ್ನುವ ಅವಮಾನಕ್ಕೆ ಮ್ಯಾಟಿನಿಗಾದರೂ ನುಗ್ಗೋಣವೆಂದು ಅಲ್ಲೇ ನಿಂತೆ. ಅದೂ ಹೌಸ್‌ಫುಲ್. ಗಾಜಿನ ಪೆಟ್ಟಿಗೆಯಲ್ಲಿ ಹಾಕಿದ್ದ ಸ್ಟಿಲ್ಲುಗಳನ್ನು ನೋಡುತ್ತಾ ಹೊತ್ತು ಕಳೆದೆ. ಒಂದರಲ್ಲಿ ಕಲ್ಲು ಕ್ವಾರಿ, ಇನ್ನೊಂದರಲ್ಲಿ ಲಾರಿ, ಮತ್ತೊಂದರಲ್ಲಿ ಹೀರೋನ ಕೈಗೆ ಹಗ್ಗ. ವರ್ಕ್‌ಶಾಪಿಗೆ ಬರುವಾಗ ಬಿಸಿಲು ಇಳಿದಿತ್ತು. ನಮಾಜಿನ ಹೊತ್ತು ಮುಗಿದು ಎಷ್ಟೋ ಆಗಿತ್ತು. ಅವನ ಒಗೆದ ಬಿಳಿ ಜುಬ್ಬಾ ಮೊಳೆಗೆ ತೂಗುತ್ತಿತ್ತು, ಅವನು ಎಣ್ಣೆ ಬನಿಯನ್ನಿನಲ್ಲೇ ಎರಡು ಲೇತುಗಳ ನಡುವೆ ನಿಂತಿದ್ದ. ಬೈಯಲಿಲ್ಲ.

‘ಹೋಗ್ಲಿ ಬಿಡು. ಪಿಕ್ಚರ್ ಹೆಂಗಿತ್ತು?’ ಎಂದ.

ಅವನಿಂದ ಅಷ್ಟನ್ನು ಕಿತ್ತುಕೊಂಡು ಬರಿಗೈಯಲ್ಲಿ ಬಂದಿದ್ದೇನೆ ಎಂದು ಹೇಳಲು ನನ್ನಿಂದ ಆಗಲಿಲ್ಲ. ‘ಸೂಪರ್ ಮಗಾ, ನಾಳೆ ಹೇಳ್ತೀನಿ,’ ಎಂದೆ. ಆ ಮೂರು ಸ್ಟಿಲ್ಲುಗಳನ್ನು ಇಟ್ಟುಕೊಂಡು ಒಂದು ರಾತ್ರಿಯಲ್ಲಿ ಇಡೀ ಪಿಕ್ಚರು ಕಟ್ಟಿದೆ. ಮುಂದಿನ ವಾರ ನಿಜವಾದದ್ದನ್ನು ನೋಡಿದಾಗ ಕ್ವಾರಿಯಲ್ಲಿ ಹೀರೋ ಬಂದೂಕು ಎತ್ತಿದ, ವಿಲನ್ ಬಿದ್ದ, ಜೀಪು ಬಂತು. ನನ್ನದೇ ಚೆನ್ನಾಗಿತ್ತು. ಅದನ್ನೂ ಅವನಿಗೆ ಹೇಳಲಿಲ್ಲ.

ಇಷ್ಟು ಮಾತ್ರ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹರೆಯದ ಸುಳ್ಳು, ಯಾರಿಗೂ ಗಾಯವಾಗಿರಲಿಲ್ಲ. ನನ್ನನ್ನು ತಿನ್ನುತ್ತಿರುವುದು ಈ ಬೇಸಿಗೆಯ ಒಂದು ಭಾನುವಾರ ನಾನು ಮಾಡಿದ್ದು.

ಅವತ್ತು ಅವನು ಮತ್ತೆ ಲಾರಿ ಫೈಟಿನ ಮಾತು ತೆಗೆದ. ಕಂಡಕ್ಟರು ಹೊಸ ಫೋನು ಕೊಂಡಿದ್ದರು. ‘ತಡೀರಿ, ಇವತ್ತು ಕಣ್ಣಲ್ಲೇ ನೋಡ್ಬಿಡೋಣ,’ ಎಂದು ಹುಡುಕಿದರು. ಪಿಕ್ಚರು ಪೂರ್ತಿ ಸಿಕ್ಕಿತು. ಬೆರಳಲ್ಲಿ ಎಳೆದು ಕೊನೆಗೆ ತಂದರು. ನಾವು ನಾಲ್ವರೂ ತಲೆ ತಲೆ ತಾಗಿಸಿ ಬಗ್ಗಿದೆವು. ಕ್ವಾರಿ, ಬಂದೂಕು, ಜೀಪು, ಶುಭಂ.

‘ಎಲ್ಲಿ ಗುರು ಲಾರಿ?’ ಎಂದರು ಕಂಡಕ್ಟರು. ‘ಪಂಕ್ಚರ್ ಆಯ್ತಾ?’

‘ಕನಸ್ನಾಗೆ ನೋಡಿರ್ಬೇಕು ಕಣಯ್ಯಾ,’ ಎಂದು ಜಮೀನುದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಇಷ್ಟು ವರ್ಷದಿಂದ ನಮ್ ಕಿವಿಗೆ ಊವಾ ಇಕ್ಕಿದಾನೆ!’

ನನ್ನ ಗೆಳೆಯ ಅವರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, ‘ನೀನ್ ಹೇಳು,’ ಎಂದ. ಅಷ್ಟೇ.

ಹೇಳಬಹುದಿತ್ತು. ಒಂದೇ ವಾಕ್ಯ ಸಾಕಿತ್ತು. ಆದರೆ ಅದನ್ನು ಹೇಳಿದರೆ ಮೊದಲ ದಿನ ಮೊದಲ ಆಟದ ಕಾರ್ಯದರ್ಶಿ ಟಿಕೆಟು ಸಿಗದೆ ಬೀದಿಯಲ್ಲಿ ನಿಂತಿದ್ದ ಎಂದು ಗೊತ್ತಾಗುತ್ತಿತ್ತು. ವಾರಕ್ಕೊಂದು ದಿನ ನನಗೆ ಸಿಗುತ್ತಿದ್ದ ಆ ಚೂರು ಮರ್ಯಾದೆಗೆ ಹೆದರಿದೆ. ‘ಇಲ್ಲ ಕಣೋ,’ ಎಂದು ನಾನೂ ನಕ್ಕೆ. ‘ಅಂಥ ಫೈಟೇ ಇಲ್ಲ. ಯಾವುದನ್ನೋ ಯಾವುದಕ್ಕೋ ಸೇರಿಸ್ಕೊಂಡಿದೀಯ. ವಯಸ್ಸಾಯ್ತು ನಿಂಗೆ.’

ಅವನು ‘ಹೂಂ, ಇರಬಹುದು,’ ಎಂದ. ಟೀ ಬಂದಾಗ ಕುಡಿದ. ಎಂದಿನಂತೆ ಎಲ್ಲರಿಗೂ ಕೈ ಎತ್ತಿ ಬಸ್‌ಸ್ಟಾಪಿನ ಕಡೆ ಹೋದ. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.

ಬೆಂಚಿನಲ್ಲಿ ಅವನ ಜಾಗ ಖಾಲಿ ಉಳಿಯಲಿಲ್ಲ. ಜಮೀನುದಾರರು ಸ್ವಲ್ಪ ಕಾಲು ಚಾಚಿ ಕೂತರು, ಜಾಗ ತುಂಬಿತು. ವಾದ ನಡೆಯಿತು. ನಾನು ಪಕ್ಕದಲ್ಲಿ ಕೂತು ತೀರ್ಪು ಕೊಡುತ್ತಿದ್ದೆ, ಆದರೆ ಬಾಯಿ ತೆರೆದಾಗಲೆಲ್ಲ ಯಾರಿಗಾಗಿ ಹೇಳುತ್ತಿದ್ದೇನೆ ಎನಿಸುತ್ತಿತ್ತು. ಇಷ್ಟು ವರ್ಷ ನಾನು ಅವರಿಗೆಂದು ಹೇಳಿದ್ದೆಲ್ಲ ಅವನು ಕೇಳಲಿ ಎಂದೇ ಹೇಳಿದ್ದು ಎಂದು ಆಗ ಗೊತ್ತಾಯಿತು.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಆರ್.ಟಿ. ನಗರಕ್ಕೆ ಹೋದೆ. ಅವನ ಹೆಂಡತಿ ಬಾಗಿಲು ತೆಗೆದು, ‘ಬನ್ನಿ ಭಾಯ್, ಬಹಳ ದಿನ ಆಯ್ತು,’ ಎಂದರು. ಅವನು ನೆಲದ ಮೇಲೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ. ನನಗೆ ಒಂದು ಕಟ್ಟು ತಳ್ಳಿದ. ಇಬ್ಬರೂ ಬಿಡಿಸಿದೆವು. ಅರ್ಧ ಕಟ್ಟು ಮುಗಿದ ಮೇಲೆ ಹೇಳಿದೆ.

‘ಆ ಲಾರಿ ಫೈಟು ನಾನೇ ಕಟ್ಟಿದ್ದು. ಅವತ್ತು ನಂಗೆ ಟಿಕೆಟೇ ಸಿಕ್ಕಿರ್ಲಿಲ್ಲ.’

‘ಗೊತ್ತು,’ ಎಂದ.

ನಾನು ಸೊಪ್ಪು ಬಿಟ್ಟು ಅವನ ಕಡೆ ತಿರುಗಿದೆ.

‘ಮೂರನೇ ವಾರ ಆ ಪಿಕ್ಚರಿಗೆ ಇವಳನ್ನ ಕರ್ಕೊಂಡ್ ಹೋಗಿದ್ದೆ. ಹೊಸದಾಗಿ ಮದುವೆ ಆಗಿತ್ತು. ಕೊನೇಲಿ ಒಂದು ಲಾರಿ ಬರುತ್ತೆ, ಕಣ್ಣು ಮುಚ್ಚಬೇಡ ಅಂತ ದಾರಿಯೆಲ್ಲ ಹೇಳ್ಕೊಂಡ್ ಹೋದೆ. ಶುಭಂ ಬಿತ್ತು. ಲಾರಿ ಬರ್ಲೇ ಇಲ್ಲ.’

‘ಆಪರೇಟರು ರೀಲ್ ಕಟ್ ಮಾಡಿದಾನೆ ಅಂತ ಗೇಟ್‌ಕೀಪರ್ ಜೊತೆ ಜಗಳ ಆಡಿದ್ರು ಭಾಯ್,’ ಎಂದರು ಅಡುಗೆಮನೆಯಿಂದ ಅವನ ಹೆಂಡತಿ. ‘ನಂಗೆ ನಾಚಿಕೆ. ಎಂಥವರನ್ನ ಕಟ್ಕೊಂಡೆ ಅಂತ.’

‘ಅವತ್ತೇ ಯಾಕೆ ಕೇಳಲಿಲ್ಲ ನನ್ನ?’ ಎಂದೆ.

‘ಕೇಳಿದ್ರೆ ಆಮೇಲೆ ನೀನು ಪಿಕ್ಚರ್ ಹೇಳ್ತಿದ್ಯಾ?’ ಕಾಂಡಗಳನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದ. ‘ನಂಗೆ ಇವತ್ತಿಗೂ ಅದೇ ಬೆಸ್ಟು ಯಾರ್. ಪರದೆ ಮೇಲೆ ಬಂದಿದ್ರೇನು, ಬರದೇ ಇದ್ರೇನು. ಅವರು ಫೋನ್ ತೆಗೆದಾಗ ಖುಷಿ ಆಯ್ತು, ನಿಜ ಹೇಳ್ತೀನಿ. ಈಗ ನೀನು ಹೇಳ್ತೀಯ ಅಂದ್ಕೊಂಡೆ, ಏ, ಅದು ನಂದು ಕಣ್ರೋ ಅಂತ. ನೀನು ನಂಗೆ ವಯಸ್ಸಾಯ್ತು ಅಂದೆ.’

‘ತಪ್ಪಾಯ್ತು ಕಣೋ.’

‘ಇಲ್ಲಿ ಯಾಕೆ ಹೇಳ್ತೀಯ. ನಕ್ಕಿದ್ದು ಅಲ್ಲಿ.’

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಊಟ ಮಾಡಿಕೊಂಡು ಹೋಗು ಎಂದ. ಮಾಡಿದೆ. ಬಸ್‌ಸ್ಟಾಪಿನವರೆಗೆ ಬಿಡಲು ಬರುವವನು ಅವತ್ತು ಬಾಗಿಲಲ್ಲೇ ನಿಂತ.

ಆ ಭಾನುವಾರ ಬೆಂಚಿಗೆ ಎಲ್ಲರಿಗಿಂತ ಮೊದಲು ಹೋದೆ. ಅವರಿಬ್ಬರೂ ಬಂದು ಕೂರುತ್ತಿದ್ದಂತೆ ಹೇಳಿಬಿಟ್ಟೆ: ಟಿಕೆಟು ಸಿಗದಿದ್ದದ್ದು, ಅವನ ನಮಾಜು ತಪ್ಪಿದ್ದು, ಫೈಟು ಕಟ್ಟಿದ್ದು, ಅವನು ನನ್ನ ಮುಖ ನೋಡಿ ಕೇಳಿದಾಗ ನಕ್ಕದ್ದು.

‘ಏನ್ ಸೆಕ್ರೆಟರಿಗಳೇ, ನಿಮಗೇ ಟಿಕೆಟ್ ಇಲ್ವಾ!’ ಎಂದು ಕಂಡಕ್ಟರು ತೊಡೆ ತಟ್ಟಿದರು.

‘ಬುಡಣ್ಣ, ಯಾವ ಕಾಲದ್ದು,’ ಎಂದರು ಜಮೀನುದಾರರು. ‘ಪಾಪ, ಅವ್ನ ಸುಮ್ಕೆ ಗೋಳುಯ್ಕೊಂಡ್ವಿ. ಬರಾಕ್ ಯೋಳು.’

‘ಹಾಗಾದ್ರೆ ಅದು ಕ್ಲಾಸಿಕ್ ಅಂತ ಒಪ್ತೀರಾ?’ ಎಂದೆ. ಏಕೆ ಕೇಳಿದೆನೋ. ಅವನಿಗೆ ಕೊಡಲು ಏನಾದರೂ ಇರಲಿ ಎಂದು ಇರಬೇಕು.

‘ಇಲ್ದಿರೋ ಪಿಕ್ಚರಿಗೆ ಕ್ಲಾಸಿಕ್ ಪಟ್ಟ ಹೆಂಗೆ ಕೊಡೋದು ಸಾರ್,’ ಎಂದು ಕಂಡಕ್ಟರು ನಕ್ಕು, ಬೇರೆ ಯಾವುದೋ ಪಿಕ್ಚರಿನ ಕುದುರೆ ಚೇಸಿಂಗಿನ ಮಾತು ತೆಗೆದರು. ಇಷ್ಟು ದಿನ ನಾನು ಹೆದರಿ ಬಚ್ಚಿಟ್ಟದ್ದು ಅವರಿಗೆ ಒಂದು ಲೋಟ ಟೀ ಆರುವಷ್ಟು ಹೊತ್ತಿನ ವಿಷಯವೂ ಆಗಲಿಲ್ಲ. ಅದಕ್ಕಾಗಿ ನಾನು ಅವನನ್ನು ಬಿಟ್ಟುಕೊಟ್ಟಿದ್ದೆ.

ಮನೆಗೆ ಬಂದು ಫೋನು ಮಾಡಿದೆ.

‘ಹೇಳಿದೆ,’ ಎಂದೆ. ‘ಎಲ್ಲಾನೂ.’

‘ಏನಂದ್ರು?’

‘ನಿನ್ನ ಬರಾಕ್ ಹೇಳು ಅಂದ್ರು.’

ಆ ಕಡೆ ಯಾರೋ ಮಗುವನ್ನು ಗದರುವುದು, ಕುಕ್ಕರಿನ ಸೀಟಿ ಕೇಳಿಸಿತು. ‘ಒಳ್ಳೇದಾಯ್ತು ಬಿಡು,’ ಎಂದ. ‘ಆದ್ರೆ ಮಂಡಿ ನೋವು ಯಾರ್. ಎರಡು ಬಸ್ಸು ಹತ್ತಿ ಇಳಿಯಕ್ಕಾಗಲ್ಲ ಈಗ.’

ಕೊತ್ತಂಬರಿ ಬಿಡಿಸಿದ ದಿನ ಅವನು ನೆಲದಿಂದ ಗೋಡೆಯನ್ನೂ ಹಿಡಿಯದೆ ಸಲೀಸಾಗಿ ಎದ್ದದ್ದನ್ನು ನಾನು ನೋಡಿದ್ದೆ. ಆದರೆ ಸುಳ್ಳು ಹೇಳುತ್ತಿದ್ದೀಯ ಎಂದು ಅವನನ್ನು ಕೇಳಲು ನನಗೆ ಯಾವ ಮುಖ ಇದೆ.

‘ಎಣ್ಣೆ ಹಚ್ಕೋ,’ ಎಂದೆ. ‘ಬಿಸಿನೀರು ಹಾಕ್ಕೋ.’

‘ಹೂಂ, ಹಾಕ್ಕೋತೀನಿ,’ ಎಂದು ಫೋನಿಟ್ಟ.